ಉಪ್ಪಿನ ಚೌಕ

ಗೋಣಿಕೊಪ್ಪ. ಬೇಕರಿಯ ಹಿಂಬದಿ ಕೋಣೆ.
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ನನ್ನ ಸಾಮ್ರಾಜ್ಯ:
ಅರವತ್ತು ಚೌಕ, ಒಂದು ಹೊಳೆ, ಎರಡು ಕೋಟೆ.
ಕರಿಮೆಣಸು ಅಂದರೆ ಹೊನ್ನು,
ಕಾಫಿಬೀಜ ಅಂದರೆ ಅಕ್ಕಿ,
ಏಲಕ್ಕಿ, ಕುದುರೆ.

ಮೊದಲ ಆಟದಲ್ಲಿ ಎಲ್ಲರಿಗೂ ಎಲ್ಲವೂ ಬೆಳೆಯಿತು.
ಮೂವತ್ತು ಸುತ್ತು ಕೂಡಿಟ್ಟು ಸೈನಬಾ ಆಕಳಿಸಿದಳು:
"ಕಣಜ ತುಂಬಿತು. ಇನ್ನೇನು ಮಾಡ್ಲಿ?"

ಸರಿ, ಕಣಜಕ್ಕೆ ಹೆಗ್ಗಣ ಬಿಟ್ಟೆ,
ಸುತ್ತಿಗೆ ಹತ್ತರಲ್ಲಿ ಮೂರು ಪಾಲು ಹಾಳು.
ಅವಳು ಕೂಡಿಡುವುದನ್ನೇ ಬಿಟ್ಟು ಕುದುರೆ ಕೊಂಡಳು,
ಐದೇ ಸುತ್ತಿಗೆ ಚಿಟ್ಟಿಯಪ್ಪನ ಕೋಟೆ ನೆಲಸಮ.
ಚಿಟ್ಟಿಯಪ್ಪ ಮಾತಿಲ್ಲದೆ ಎದ್ದುಹೋಗಿ ಬನ್ನು ತಿಂದ.

ಮೂರು ವಾರ ನಿದ್ದೆಯಲ್ಲೂ ಗುಣಿಸಿದೆ, ಭಾಗಿಸಿದೆ.
ಹೊರಗೆ ಕಾಫಿ ಹೂವಾಗಿ, ಅದರ ಕಂಪು ಕಿಟಕಿವರೆಗೆ ಬಂದು
ಬ್ರೆಡ್ಡಿನ ವಾಸನೆಗೆ ಸೋತು ಹೋಗುತ್ತಿತ್ತು.
ಒಂದು ರಾತ್ರಿ ಗಂಜಿಗೆ ಉಪ್ಪು ಹಾಕುವಾಗ
ಕೈ ಹಾಗೇ ನಿಂತಿತು:
ಈ ಬೆಟ್ಟಗಳಲ್ಲಿ ಎಲ್ಲಿ ಅಗೆದರೂ ಇದು ಸಿಗದು.

ಈಗ ನಕ್ಷೆಯ ಅಂಚಿನಲ್ಲಿ,
ಪೆರುಂಬಾಡಿ ದಾಟಿ ಘಾಟಿ ಇಳಿದಲ್ಲಿ, ಒಂದೇ ಉಪ್ಪಿನ ಚೌಕ.
ಯಾರದೂ ಅಲ್ಲ. ಕೋಟೆ ಕಟ್ಟುವಂತಿಲ್ಲ.
ಉಪ್ಪಿಲ್ಲದ ಸೈನ್ಯ ಏಳನೇ ಸುತ್ತಿಗೆ
ಯಾರನ್ನೂ ಕೇಳದೆ ಮನೆಗೆ ನಡೆಯುತ್ತದೆ.

ನಿನ್ನೆ ಆಡಿದೆವು.
ಸೈನಬಾ ಚೌಕ ನೋಡಿದಳು, ಆಮೇಲೆ ಚಿಟ್ಟಿಯಪ್ಪನ ಮುಖ.
"ನಿನ್ನ ಎತ್ತು, ನನ್ನ ದಾರಿ. ಅರ್ಧರ್ಧ?"
ನನ್ನ ನಿಯಮಗಳಲ್ಲಿ ಆ ಮಾತಿಗೆ ಸಾಲೇ ಇರಲಿಲ್ಲ.
ಉಪ್ಪಿನ ಋಣವನ್ನು ಯಾವ ಅಂಕಿಯಲ್ಲಿ ಬರೆಯುವುದು?
ಪೆನ್ಸಿಲ್ ಹುಡುಕಿದೆ.

ಅಷ್ಟರಲ್ಲಿ ಬೇಕರಿಯ ಹುಡುಗ
ಅವಳ ಕುದುರೆಯೊಂದನ್ನು ಜಜ್ಜಿ
ಚಹಾಕ್ಕೆ ಹಾಕಿಬಿಟ್ಟಿದ್ದ.