ಮರಳಿನ ಸಾಲ

ಛಾವಣಿ ಇದ್ದದ್ದೇ ಮೊದಲು.
ಗೋಡೆ ಆಮೇಲೆ, ದೇವರು ಅದಕ್ಕೂ ಆಮೇಲೆ.
ಅಣಬೆಯ ಹಾಗೆ ಕೊಡೆ ಬಿಚ್ಚಿ ನಿಂತ ಬಂಡೆ,
ಅದರಡಿ ಎತ್ತಿನ ಗಾಡಿ ತಿರುಗುವಷ್ಟು ನೆರಳು.
ಮಳೆಗೆ ಓಡಿಬಂದವರೇ ಮೊದಲ ಭಕ್ತರು:
ಬೇಟೆಯವರು, ಬಾಣಂತಿಯರು, ಜೇನು ಕೀಳುವವರು,
ತೊಕ್ಕೇ ಎಂದು ತನ್ನ ಹೆಸರನ್ನೇ ಕೂಗುವ ಹಲ್ಲಿ.

ಇಸಾನ್ ಸೀಮೆಯ ಈ ಗುಡ್ಡಕ್ಕೆ ದಿನಾ ಬೆಳಗ್ಗೆ
ಖಂಮೂನ್ ಅಜ್ಜಿ ಹತ್ತುತ್ತಾಳೆ,
ಕೈಯಲ್ಲಿ ಪೊರಕೆ, ಸೊಂಟಕ್ಕೆ ಅಂಟಕ್ಕಿ ಅನ್ನದ ಬಿದಿರ ಕುಕ್ಕೆ.
ಬುದ್ಧನಿಗೆ ಒಂದು ಉಂಡೆ,
ಗೋಡೆಯ ಮೇಲಿನ ಕೆಂಪು ಕೈಗೆ ಒಂದು ಉಂಡೆ,
ಉಳಿದದ್ದು ತನಗೆ, ಒಣಮೀನಿನ ಜೊತೆ.

ಬುದ್ಧನಿಗೆ ಮುಖವಿಲ್ಲ.
ಇತ್ತು. ಅವಳ ಅಮ್ಮ ಮೂಗು ಕಂಡಿದ್ದಳಂತೆ,
ಅಮ್ಮನ ಅಮ್ಮ ತುಟಿಯ ನಗೆಯನ್ನೂ.
ಖಂಮೂನಳ ಪಾಲಿಗೆ ಬಂದದ್ದು ಎರಡು ಕಿವಿ.
'ಸಾಕು' ಎನ್ನುತ್ತಾಳೆ,
'ನಮ್ಮ ಕೆಲಸ ಇರುವುದೂ ಕಿವಿಯ ಹತ್ತಿರವೇ.'

ಸುತ್ತ ಎಂಟು ದಿಕ್ಕಿಗೆ ಎಂಟು ಸೀಮೆಗಲ್ಲು,
ಆಳೆತ್ತರ, ತಾವರೆಯ ಎಸಳಿನಂತೆ ತುದಿ ಚೂಪು.
ಇಲ್ಲಿಂದ ಒಳಗೆ ಕಾಡಲ್ಲ ಎಂದು
ಸಾವಿರ ವರ್ಷದ ಹಿಂದೆ ಯಾರೋ ನಡೆದು, ಅಳೆದು, ನೆಟ್ಟದ್ದು.
ಏಳು ನಿಂತಿವೆ.
ಎಂಟನೆಯದು ಹಳ್ಳಕ್ಕುರುಳಿ
ಅವಳ ಅಪ್ಪನ ಕಾಲಕ್ಕೆ ಎಮ್ಮೆ ಕಟ್ಟುವ ಕಲ್ಲಾಗಿತ್ತು.
ಹಾಗಾಗಿ ಈಶಾನ್ಯದ ಬಾಗಿಲು ತೆರೆದೇ ಇದೆ,
ಕಾಡು ಅಲ್ಲಿಂದ ಒಳಗೆ ಬರುತ್ತದೆ:
ಎಲೆ, ಇರುವೆ, ಒಮ್ಮೊಮ್ಮೆ ಹಂದಿ.
ಅವಳು ಎಲೆ ಮಾತ್ರ ಗುಡಿಸುತ್ತಾಳೆ.

ಇಲಾಖೆಯ ಹುಡುಗ ಪಯೋಂಗ್ ಟೇಪು ಹಿಡಿದು ಬಂದ.
ಕೆಂಪು ಕೈಗೆ ಎರಡು ಸಾವಿರ ವರ್ಷ ದಾಟಿದೆ, ಎಂದ.
ಅದರಿಂದ ಎರಡೇ ಗೇಣು ಈಚೆಗೆ ಉಳಿಯ ಗೆರೆ ನಿಂತಿದೆ ನೋಡಿ,
ಗೋಡೆಯನ್ನೆಲ್ಲ ನುಣುಪು ಮಾಡುತ್ತ ಬಂದ ಕಲ್ಲುಕುಟಿಗ
ಇಲ್ಲಿ ಯಾಕೆ ನಿಲ್ಲಿಸಿದ?
ಹೆದರಿದನೆ, ಕೈ ಮುಗಿದನೆ,
ಯಾರದೋ ರಾಜ್ಯ ಬಿತ್ತೆ, ಚಳಿಜ್ವರ ಬಂತೆ?
ಅಜ್ಜಿ ಕುಕ್ಕೆಯ ಮುಚ್ಚಳ ತೆಗೆದಳು:
'ಊಟಕ್ಕೆ ಕರೆದಿರಬೇಕು.
ಕೈ ತೊಳೆಯಲು ಹೋದವನು ನೋಡಿರಬೇಕು,
ತನ್ನ ಎರಡೂ ಕೈಯಲ್ಲಿ ಅದೇ ಕೆಂಪು.'

ಆಮೇಲೆ ಪಯೋಂಗ್ ಮೆಲ್ಲಗೆ ಹೇಳಿದ:
ಮೇಣದ ಬತ್ತಿ ಬೇಡ, ಹೊಗೆ ಹಿಡಿಯುತ್ತದೆ.
ಪೊರಕೆಯೂ ಬೇಡ.
ನೀವು ಗುಡಿಸುತ್ತಿರುವುದು ಕಸವನ್ನಲ್ಲ ಅಜ್ಜಿ,
ಅವನನ್ನು.

ಗೊತ್ತು, ಎಂದಳು.
ಬಂಡೆಯ ಸಂದಿಯಿಂದ ಗಡಿಗೆಯೊಂದನ್ನು ಎಳೆದಳು:
ನುಣ್ಣನೆಯ ಕೆಂಪು ಮರಳು, ಮುಕ್ಕಾಲು ಗಡಿಗೆ.
ಮಡಿಲಿನದು, ಮೊಣಕಾಲಿನದು,
ಹೋದ ಮಳೆಗಾಲದಲ್ಲಿ ಎಡಭುಜದ್ದು.
ಲೆಕ್ಕ ಹಾಕಿದ್ದಾಳೆ: ಮೊಮ್ಮಗಳ ಮೊಮ್ಮಗಳಿಗೂ
ಒಂದು ಮೊಣಕಾಲು ಉಳಿದೀತು.

ಗುಡಿಗೆ ಹೋಗಿಬಂದವರ ಅಂಗಾಲಿಗಂಟಿ
ವರ್ಷವಿಡೀ ಹೊರಗೆ ಹೋದ ಮರಳು ಸಾಲ.
ಹೊಸವರ್ಷಕ್ಕೆ ಹೊತ್ತು ತಂದು, ಸುರಿದು,
ಗೋಪುರ ಕಟ್ಟಿ ತೀರಿಸಬೇಕು, ಅದು ಕಟ್ಟಳೆ.
ಊರವರು ಹೊಳೆಯಿಂದ ತರುತ್ತಾರೆ.
ಅವಳು ಗಡಿಗೆ ಬೋರಲು ಹಾಕುತ್ತಾಳೆ,
ನೀರು ಚಿಮುಕಿಸಿ, ಅಂಗೈಯಲ್ಲಿ ತಟ್ಟಿ ತಟ್ಟಿ
ಅವನ ಮುಂದೆ ಅವನನ್ನೇ ಕೂರಿಸುತ್ತಾಳೆ,
ಮೊಳದೆತ್ತರದವನು, ನೆತ್ತಿಗೆ ಕಾಗದದ ಬಾವುಟ.
ಮೊದಲ ಮಳೆ ಕರೆದೊಯ್ಯುತ್ತದೆ,
ಎಂಟನೆಯ ಕಲ್ಲು ಹೋದ ದಾರಿಯಲ್ಲೇ.

ಈಗಲೂ ಗುಡಿಸುತ್ತಾಳೆ, ಉಸಿರು ಬಿಗಿಹಿಡಿದು.
ಬತ್ತಿಯನ್ನು ಹಚ್ಚದೆ ನಿಲ್ಲಿಸಿ
'ಹಚ್ಚಿದ ಹಾಗೆ' ಎಂದು ಕಿವಿಯಲ್ಲಿ ಹೇಳುತ್ತಾಳೆ.

ಈ ಬಂಡೆಯೂ ಒಮ್ಮೆ ಹೊಳೆಯ ತಳ ಎಂದಿದ್ದ ಪಯೋಂಗ್,
ಮೀನು ಓಡಾಡಿದ ಮರಳು ಒತ್ತಿ ಒತ್ತಿ ಕಲ್ಲಾದದ್ದು.
ನಮ್ಮ ನುಡಿಯಲ್ಲಿ ಮರಳು ಎಂದರೆ
ಹಿಂತಿರುಗು ಎಂದೂ ಹೌದು,
ಅವಳಿಗೆ ಹೇಳಬೇಕೆನಿಸಿತು.
ತಿರುಗಿಸಿ ಹೇಳಲು ಅಂದು ಅವನಿರಲಿಲ್ಲ.
ನೆಲದಿಂದ ಚಿಟಿಕೆ ಎತ್ತಿ, ಕೈಯಿಂದ
ಗಾಳಿಯಲ್ಲೊಂದು ಸುತ್ತು ಹಾಕಿ ತೋರಿಸಿದೆ.
ದಾರಿ ಕೇಳುತ್ತಿದ್ದೇನೆ ಎಂದುಕೊಂಡು
ಕೆಳಗಿನ ಬಸ್ ನಿಲ್ದಾಣದತ್ತ ಪೊರಕೆ ಚಾಚಿದಳು.