ಬಾಡಿಗೆ ಬಾಕಿ

ಕಾಜುಬಾಗದಿಂದ ಮಡಗಾಂವಿಗೆ ಎರಡು ಟ್ರಿಪ್.
ಮಂಚ, ಕಪಾಟು, ಗಾಜೊಡೆದ ಸಂತ ಅಂತೋನಿ,
ಒಂದೇ ಕಿವಿಯ ಕಡಾಯಿ,
ಪಿಯೇದಾದ್ ಬಾಯಿ ಏನನ್ನೂ ಬಿಡಲಿಲ್ಲ.
ಕೊನೆಗೆ ಬಾಡಿಗೆಗೇ ಸಾವಿರದೆಂಟುನೂರು ಕಮ್ಮಿ ಬಿತ್ತು.
'ಶಾಬೂ, ಇದನ್ನ ನೀನೇ ಇಟ್ಕೊ,' ಅಂದಳು,
'ತಂಗಿ ಮನೆಯಲ್ಲಿ ಟಿವಿ ಇಡಲಿಕ್ಕೇ ಜಾಗ ಇಲ್ಲ.'

ಮರದ ಪೆಟ್ಟಿಗೆ. ಕೆಸುವಿನೆಲೆಯಂತೆ ಬಾಯ್ದೆರೆದ ತುತ್ತೂರಿ,
ಅಂಚಿನಲ್ಲಿ ಯಾರೋ ಕಚ್ಚಿದಂಥ ತಗ್ಗು.
ಗೋಣಿಚೀಲದಲ್ಲಿ ನಲವತ್ತಮೂರು ರೆಕಾರ್ಡು,
ಎತ್ತಿದರೆ ಕಡಪಾ ಕಲ್ಲಿನ ಭಾರ.
ಸಾವಿರದೆಂಟುನೂರಕ್ಕೆ ಎಷ್ಟು ಡೀಸೆಲ್ ಹೇಳಿ
ಸದಾಶಿವಗಡದ ತನಕ ಲೆಕ್ಕ ಹಾಕುತ್ತ ಬಂದೆ.
ಕಾಳಿ ನದಿಯಲ್ಲಿ ಹಳೇ ಸೇತುವೆಯ ಕಂಬಗಳು
ಏನನ್ನೂ ಹೊರದೆ ನಿಂತಿದ್ದವು.

ಮನೆ ಮುಟ್ಟಿದಾಗ ಸುಲಕ್ಷಾ ಮೂಗು ಹಿಡಿದಳು.
ಬಂಗಡೆ ಬುಟ್ಟಿ ಹೊರುವ ಗಾಡಿ ನನ್ನದು,
ಎರಡು ತಾಸಿನಲ್ಲಿ ಪೆಟ್ಟಿಗೆಗೂ ನಮ್ಮ ಕುಲ ಹತ್ತಿತ್ತು.

ಕೀಲಿ ತಿರುವಿದರೆ ಒಳಗೆ ಕಟಕಟ, ಅಷ್ಟೇ.
ಬೈತಖೋಲದ ಬೋಟು ಫಿಟ್ಟರ್ ಮುಕ್ತುಂ
ಬಿಚ್ಚಿ ನೋಡಿ ನಕ್ಕ:
'ಇದಕ್ಕೆ ಕರೆಂಟು ಬೇಡ, ಡೀಸೆಲ್ ಬೇಡ.
ಒಂದು ಉಕ್ಕಿನ ಪಟ್ಟಿ. ಸುತ್ತಿದಷ್ಟು ಸಿಟ್ಟು, ಬಿಟ್ಟಷ್ಟು ಹಾಡು.'
ಹಳೇ ಬೆಲ್ಲದಂತೆ ಗಟ್ಟಿಯಾದ ಗ್ರೀಸನ್ನು ಚಮಚೆಯಲ್ಲಿ ಕೆರೆದ.
ಕೂಲಿ ಕೇಳಲಿಲ್ಲ,
ಮೊದಲ ಹಾಡು ತನ್ನ ಎದುರಿಗೇ ಆಗಬೇಕು ಅಂದ.

ಮುಳ್ಳಿನ ಡಬ್ಬಿಯಲ್ಲಿ ಬರೀ ತುಕ್ಕು.
ಈಗಿನ ಪೇಟೆಯಲ್ಲಿ ಅಂಥ ಮುಳ್ಳು ಎಲ್ಲಿಯದು!
ಸುಲಕ್ಷಾ ಹಿತ್ತಲಿಗೆ ಹೋಗಿ
ಬೇಲಿಯಿಂದ ಕಾರೆಮುಳ್ಳು ಮುರಿದು ತಂದಳು.
'ಮುಳ್ಳು ಅಂದಿರಲ್ಲ, ಇದು ಎಂತದು?'

ಅದು ಹಾಡಿತು.

ಮೊದಲು ಕಾದ ಕಾವಲಿಗೆ ನೀರು ಚಿಮುಕಿಸಿದ ಸದ್ದು,
ಅದರಾಚೆ, ಬಹಳ ಆಚೆ, ಒಂದು ಹೆಂಗಸು.
ಮರಾಠಿಯೋ ಕೊಂಕಣಿಯೋ ನಮ್ಮದೋ,
ಶಬ್ದ ಸವೆದು ಸ್ವರ ಉಳಿದಿತ್ತು.
ಸುತ್ತು ಸಡಿಲಾದಂತೆ ಸ್ವರ ಇಳಿದು
ಹೆಂಗಸು ಗಂಡಸಾಗಿ, ಗಂಡಸು ಎಮ್ಮೆಯಾಗಿ,
ನಾನು ಓಡಿ ಕೀಲಿ ತಿರುವಿದೆ.
ಎಮ್ಮೆಯೊಳಗಿಂದ ಎದ್ದು ಬಂದಳು, ಮತ್ತೆ ಹರೆಯ.
ಮುಕ್ತುಂ ಬೀಡಿ ಹಚ್ಚುವುದನ್ನೇ ಮರೆತಿದ್ದ.

ಹಾಡು ಮುಗಿಯಿತು. ಮುಗಿದ ಮೇಲೆ,
ಮುಳ್ಳು ನಡುವಿನ ಕಾಗದ ಮುಟ್ಟುವ ಮುಂಚೆ,
ಅವಳು ಮಾತಾಡಿದಳು. ಮೂರೋ ನಾಕೋ ಅಕ್ಷರ.
'ಹೆಸರು,' ಅಂದ ಮುಕ್ತುಂ. 'ಆಗಿನವರು ಕಡೆಗೆ
ತಮ್ಮ ಹೆಸರು ತಾವೇ ಹೇಳ್ತಿದ್ರಂತೆ.'
ಕಾಗದದ ಮೇಲಿನದನ್ನು ಗೆದ್ದಲು ಓದಿ ಮುಗಿಸಿತ್ತು.

ಮತ್ತೆ ಹಾಕಿದೆವು.
ಮುಕ್ತುಮನಿಗೆ ರತ್ನಾಬಾಯಿ ಅಂತ ಕೇಳಿತು.
ನೆರೆಮನೆಯ ತುಳಸು, ಅಲ್ಲವೇ ಅಲ್ಲ, ಇಂದಿರಾ ಅಂದಳು.
ಬಾಗಿಲಿಗೆ ಒರಗಿ ನಿಂತ ಸುಲಕ್ಷಾ ಬಾಯಿ ಬಿಡಲಿಲ್ಲ.
ಅವಳಿಗೆ ಕೇಳಿದ್ದು ಅವಳವ್ವೆಯ ಹೆಸರಂತೆ,
ರಾತ್ರಿ ದೀಪ ಆರಿಸಿದ ಮೇಲೆ ಹೇಳಿದಳು.
ಅವ್ವೆ ಜನ್ಮದಲ್ಲಿ ಹಾಡಿದವಳಲ್ಲ,
ಬೆಳಚು ಆರಿಸುತ್ತ ಕಾಳಿಯ ಕೆಸರಲ್ಲಿ ಸೊಂಟ ಕಳೆದವಳು.
ತನ್ನ ಹೆಸರು ಬೇಕಾದಲ್ಲೆಲ್ಲ
ಹೆಬ್ಬೆರಳು ಒತ್ತಿ ಬಂದವಳು.

ಈಗ ಲೆಕ್ಕ ಬೇರೆ.
ಹಾಕಿದಷ್ಟೂ ಹೆಸರು ಸವೆಯುತ್ತದೆ.
ಟಯರು ನಂಬಿ ಬದುಕಿದವ,
ಸವೆಯುವುದು ನನಗೆ ಯಾರೂ ಕಲಿಸಬೇಕಿಲ್ಲ.
'ಕಾರೆಮುಳ್ಳಾದರೆ ಮೊದಲು ಮುಳ್ಳೇ ಸವೆಯೋದು, ಅಡ್ಡಿಲ್ಲ,'
ಅದು ಮುಕ್ತುಮನ ಸಮಾಧಾನ.
ಉಳಿದ ನಲವತ್ತೆರಡು ಯಾವಾಗ ಬೇಕಾದರೂ.
ಅವಳು ಮಾತ್ರ ಆಯ್ತವಾರ, ಒಂದೇ ಸಲ, ಹೊಸ ಮುಳ್ಳಿನಲ್ಲಿ.

ಪಿಯೇದಾದ್ ಬಾಯಿಗೆ ಫೋನು ಹಚ್ಚಿ ಕೇಳಿದೆ:
ಹಾಡಿದವರು ಯಾರು?
'ಯಾವ ಹಾಡು? ನಾನು ಸೊಸೆಯಾಗಿ ಬಂದಾಗಲೇ ಕೆಟ್ಟಿತ್ತು ಶಾಬೂ.
ತುತ್ತೂರಿ ಕಳಚಿ ಅದರ ಮೇಲೆ ಹಿಟ್ಟಿನ ಡಬ್ಬ ಇಡ್ತಿದ್ದೆವು.'
ಸ್ವಲ್ಪ ತಡೆದು,
'ಹಾಡ್ತದಾ?' ಅಂದಳು.

ಫೋನನ್ನು ತುತ್ತೂರಿಯ ಬಾಯಿಗೆ ಹಿಡಿದೆ.
ಸುಲಕ್ಷಾ ಕೀಲಿ ತಿರುವಿದಳು.
ಆಯ್ತವಾರ ಅಲ್ಲ ಅವತ್ತು, ಬುಧವಾರ.