ನಾಲ್ಕನೇ ಸೀಟು

ಪರೇಲಿನ ಈ ಕೋಣೆಗಿದ್ದ ಒಂದೇ ಕಿಟಕಿಗೆ
ಕಪ್ಪು ರಟ್ಟು ಅಂಟಿಸಿದವಳು ನಾನೇ, ಹನ್ನೊಂದು ವರ್ಷದ ಹಿಂದೆ.
ಬಣ್ಣ ಕಟ್ಟಿದ ಪ್ರತಿಕಾಯಗಳಿಗೆ ಬಿಸಿಲು ಆಗದು.
ಬೆಳಗಲೆಂದೇ ಹುಟ್ಟಿದವು, ಬೆಳಕಿಗೇ ಬಾಡುತ್ತವೆ.
ಫ್ರಿಜ್ಜಿನೊಳಗೆ ನಾಲ್ಕು ಡಿಗ್ರಿಯಲ್ಲಿ
ಬೆಳ್ಳಿ ಕಾಗದ ಹೊದ್ದ ಪುಟ್ಟ ಸೀಸೆ,
ತಳದಲ್ಲಿ ಉಗುರು ಮುಳುಗುವಷ್ಟು ದ್ರವ,
ಬೆಲೆ ನನ್ನ ಒಂದು ತಿಂಗಳ ಸಂಬಳ.

ಇಲಿಯ ಮೈಯಲ್ಲಿ ಮೂಡಿದ ವಿದ್ಯೆ ಇದು:
ಮನುಷ್ಯರ ರಕ್ತದ ಸಂತೆಯಲ್ಲಿ
ಒಂದೇ ಒಂದು ಮುಖವನ್ನು ಗುರುತು ಹಿಡಿಯುವುದು.
ಬಾಲಕ್ಕೆ ಕಟ್ಟಿದ ಕಿತ್ತಳೆ ಬೆಳಕು ಮಾತ್ರ
ಎಲ್ಲಿಯದೋ ಕೆಂಪು ಕಡಲಪಾಚಿಯದು.
ಹೀಗೆ ಹೇಳಿದರೆ ರುತುಜಾ ನಗುತ್ತಾಳೆ.
ಹೊಸಬಳು, ಚಿಪಳೂಣದವಳು,
ಪಿಪೆಟ್ ಹಿಡಿದರೆ ಉಸಿರನ್ನೂ ಹಿಡಿಯುತ್ತಾಳೆ.

ಹೊರಗೆ ಲಾಲ್‌ಬಾಗಿನ ಡೋಲು.
ಗಣಪತಿ ಹೊರಡುವ ದಿನ ಯಂತ್ರದ ಧಾರೆಯೂ ನಡುಗುತ್ತದೆ ಎಂದು ನಾನು,
ಅದೆಲ್ಲ ನಿಮ್ಮ ಭ್ರಮೆ ಮ್ಯಾಡಮ್ ಎಂದು ಇಂಜಿನಿಯರ್ ಸೋಪಾರ್ಕರ್.
ಕೂದಲಿಗಿಂತ ಸಣ್ಣ ಆ ಧಾರೆಯಲ್ಲಿ
ಕೋಶದ ಹಿಂದೆ ಕೋಶ, ನೀಲಿ ಲೇಸರಿನ ಮುಂದೆ
ನಿಲ್ಲದೆ, ನಮಸ್ಕಾರ ಹೇಳದೆ ದಾಟುತ್ತವೆ.
ಪರದೆಯ ಮೇಲೆ ಚುಕ್ಕಿ, ಚುಕ್ಕಿ,
ಎಳೆ ಮರೆತುಹೋದ ರಂಗೋಲಿ.

ನಾವು ಹುಡುಕುವುದು ಬ್ರೇಕನ್ನು.
ಟಿ ಕೋಶದ ಮೈಮೇಲೆ ಅದಿರುವುದು ತಪ್ಪೇನಲ್ಲ,
ಬ್ರೇಕಿಲ್ಲದ ಕಾವಲುಗಾರ ಮನೆಯವರನ್ನೇ ಬಡಿದಾನು.
ಆದರೆ ಗಡ್ಡೆ ಜಾಣ. ಬ್ರೇಕಿನ ಮೇಲೆ ಕಾಲಿಟ್ಟು
ಆರಾಮಾಗಿ ಕೂತುಬಿಡುತ್ತದೆ.
ತಿಂಗಳುಗಟ್ಟಲೆ ಹೊಡೆದಾಡಿ ದಣಿದ ಕೋಶ
ಮೈತುಂಬ ಬ್ರೇಕು ಹೊತ್ತು
ಶತ್ರುವಿನ ಪಕ್ಕದಲ್ಲೇ ಸುಮ್ಮನೆ ನಿಲ್ಲುತ್ತದೆ.

ನಂಬರ್ ನಲವತ್ತೇಳು. ಹೆಸರು ನಮಗೆ ಕೊಡುವುದಿಲ್ಲ.
ಜೂನ್ ತಿಂಗಳಲ್ಲಿ ಇದೇ ನಂಬರಿನ ರಕ್ತ
ಪರದೆಯ ಬಲಕ್ಕೆ ಕಿತ್ತಳೆ ಗುಡ್ಡ ಎಬ್ಬಿಸಿತ್ತು.
ಇವತ್ತು ಗುಡ್ಡವಿಲ್ಲ. ಬಯಲು.
"ಬ್ರೇಕೇ ಹೋಗಿಬಿಟ್ಟಿದೆ!" ರುತುಜಾ ಕುರ್ಚಿ ಬಿಟ್ಟೆದ್ದಳು.
ಸೀಸೆ ಹಾಳಾಗಿದೆಯೇ ನೋಡಿದೆ.
ಸೋಪಾರ್ಕರ್ ಕೊಟ್ಟ ಆರೋಗ್ಯದ ರಕ್ತದಲ್ಲಿ
ಚಿಟಿಕೆಯಷ್ಟಾದರೂ ಹೊಳೆಯಿತು.
ಆಮೇಲೆ ಫಾರಮ್ಮಿನ ಎರಡನೇ ಪುಟ ತಿರುವಿದೆ:
ಔಷಧ, ಎರಡು ಡೋಸ್, ಕೊನೆಯದು ಒಂಬತ್ತು ದಿನದ ಹಿಂದೆ.

ಆ ಔಷಧವೂ ಪ್ರತಿಕಾಯವೇ. ಬಣ್ಣವಿಲ್ಲದ್ದು.
ನಮ್ಮದು ಕೂರಬೇಕಾದ ಜಾಗದಲ್ಲೇ ಮೊದಲು ಬಂದು ಕೂತಿದೆ.

ಡೊಂಬಿವಲಿಯಿಂದ ಏಳೂ ನಲವತ್ತೆರಡರ ಸ್ಲೋನಲ್ಲಿ
ಮೂವರ ಬೆಂಚಿನ ನಾಲ್ಕನೇ ಸೀಟಿಗೆ
ಅರ್ಧ ತೊಡೆ ಊರಿ ಬರುವ ನನಗೆ
ಇದು ಮೊದಲೇ ಹೊಳೆಯಬೇಕಿತ್ತು.
ಮುಲುಂಡಿನಲ್ಲಿ ಹತ್ತಿದವಳಿಗೆ ಸೀಟು ಸಿಗಲಿಲ್ಲವೆಂದರೆ
ಡಬ್ಬಿಯಲ್ಲಿ ಸೀಟೇ ಇಲ್ಲವೆಂದಲ್ಲವಲ್ಲ.

ಹಾಗಾಗಿ ಮತ್ತೊಂದು ಸೀಸೆ,
ಕೂತವರನ್ನೇ ಗುರುತಿಸುವಂಥದು.
ಅರ್ಧ ಗಂಟೆ ಕತ್ತಲು. ತೊಳೆ, ಸುತ್ತಿಸು, ತೊಳೆ.
ಗುಡ್ಡ ಎದ್ದಿತು, ಜೂನಿನಲ್ಲಿದ್ದ ಜಾಗದಲ್ಲೇ ಹೆಚ್ಚುಕಡಿಮೆ.
ರುತುಜಾ ಮಾತಾಡಲಿಲ್ಲ. ನಾನೂ.
ಸೀಟು ಹಿಡಿದಾಗಿದೆ, ಅಷ್ಟು ಬರೆಯಬಹುದು.
ಗಡ್ಡೆಯ ಕಾಲು ಜಾರಿತೇ, ಕಾವಲುಗಾರ ಎದ್ದನೇ,
ಅದನ್ನು ಈ ಯಂತ್ರ ಹೇಳುವುದಿಲ್ಲ.

ಐಸ್ ಡಬ್ಬಿ ಹಿಡಿದು ಮೆಟ್ಟಿಲಿಳಿಯುವಾಗ
ಬೆಂಚಿನ ಮೇಲೆ ಒಬ್ಬಾಕೆ, ಫೋನಿನಲ್ಲಿ:
"ಇಲ್ಲವಾ, ರಿಪೋರ್ಟ್ ಇನ್ನಾ ಬಂದಿಲ್ಲ. ನೀ ಉಂಡಿ?"
ಸೋಲಾಪುರದವರಾ ಎಂದು ಕೇಳಿದ್ದೇ ತಪ್ಪಾಯಿತು,
ಚೀಲ ಸರಿಸಿ, ಸೊಂಟ ಸರಿಸಿ, ಜಾಗ ಮಾಡಿದಳು.
ನಲವತ್ತೇಳು ಇವಳ ಯಾರೋ, ಯಾರೂ ಅಲ್ಲವೋ,
ನಾನು ಕೇಳುವಂತಿಲ್ಲ. ಕೂತೆ.
"ಡಬ್ಬ್ಯಾಗ ಏನೈತ್ರೀ ಅಕ್ಕಾರ?"
ಬಣ್ಣ, ಎಂದೆ.
"ಗುಲಾಲೇನು?" ಎಂದು ನಕ್ಕಳು,
ಡೋಲಿನ ಕಡೆಗೆ ಕಿವಿ ಕೊಟ್ಟು.